ಸ್ಕೂಬಾ ದೋಣಿಯಲ್ಲಿ ಟಿಪ್ಸ್: ಸಿಲಿಂಡರ್ ಎಣಿಸಿ ಕೊಡುವ ಲೆಕ್ಕ

ಅಕ್ಟೋಬರ್ ಹಿಡಿದು ಮೇ ತನಕ, ಶನಿವಾರ ರಾತ್ರಿ ಬೆಳಗಾವಿ ಬಿಟ್ಟು ಆಂಬೋಲಿ ಘಾಟ್ ಇಳಿದು ಬೆಳಗಿನ ಜಾವ ಮಹಾರಾಷ್ಟ್ರದ ಮಾಲ್ವಣ ಮುಟ್ಟುವ ಗಾಡಿಗಳಿಗೆ ಲೆಕ್ಕವಿಲ್ಲ. ಹೋಗುವುದು ಸ್ಕೂಬಾಕ್ಕೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗುವ ಡೈವಿಂಗಿಗೆ. ಕೆಲವರು ಚೋರ್ಲಾ ದಾಟಿ ಗೋವಾದ ಗ್ರಾಂಡೆ ದ್ವೀಪದ ದಾರಿ ಹಿಡಿಯುತ್ತಾರೆ. ಸ್ವಲ್ಪ ಮನಸ್ಸಿಟ್ಟು ಡೈವಿಂಗ್ ಕಲಿಯಬೇಕು ಅನ್ನುವವರು ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ದೋಣಿ ಹತ್ತುತ್ತಾರೆ. ಎಲ್ಲಿಗೇ ಹೋಗಿರಲಿ, ದೋಣಿ ದಡಕ್ಕೆ ತಿರುಗಿದ ಮೇಲೆ ಹಿಂದಿನ ಸಾಲಿನಲ್ಲಿ ಒಂದು ಪಿಸುಮಾತು ಏಳುತ್ತದೆ: "ಲೇ, ಟಿಪ್ಸ್ ಎಷ್ಟ ಕೊಡೂಣು?"

ಸರಿಯಾದ ಉತ್ತರ ಯಾರ ಹತ್ತಿರವೂ ಇರುವುದಿಲ್ಲ. ಒಬ್ಬ 50ರ ನೋಟು ಹುಡುಕುತ್ತಾನೆ. ಇನ್ನೊಬ್ಬ ಹುರುಪಿನಲ್ಲಿ 500 ತೆಗೆದು ನೀರೊಳಗೆ ತನ್ನ ಕೈ ಹಿಡಿದಿದ್ದವನಿಗೆ ಕೊಡಲು ಹೋಗುತ್ತಾನೆ, ಅವನು ಹಾಕಿಕೊಂಡ ಮೈಗಂಟುವ ವೆಟ್‌ಸೂಟಿಗೆ ಜೇಬೇ ಇಲ್ಲ. ಉಳಿದ ಆರು ಮಂದಿ ಮೊಬೈಲ್ ನೋಡುತ್ತ ಇಳಿದುಹೋಗುತ್ತಾರೆ. ಇದು ಜಿಪುಣತನವಲ್ಲ, ಲೆಕ್ಕ ಗೊತ್ತಿಲ್ಲ ಅಷ್ಟೆ. ಹೋಟೆಲಿನಲ್ಲಿ ಬಿಲ್ ನೋಡಿ ಅಂದಾಜು ಮಾಡುತ್ತೇವೆ. ದೋಣಿಯಲ್ಲಿ ನೋಡಬೇಕಾದ್ದು ಸಿಲಿಂಡರ್.

ಯಾಕೆ ಅಂದರೆ, ಆ ದಿನದ ಕೆಲಸವೆಲ್ಲ ಅಳೆದು ತೂಗಿದ ಹಾಗೆ ಕುಳಿತಿರುವುದು ಅದರಲ್ಲೇ. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಬಳಸುವುದು 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್. ಖಾಲಿ ಇದ್ದಾಗಲೇ 14 ಕಿಲೋ ದಾಟುತ್ತದೆ. 200 ಬಾರ್ ಒತ್ತಡಕ್ಕೆ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ತುಂಬಿದರೆ ಒಳಗಿನ ಗಾಳಿಯೇ ಎರಡೂವರೆ ಕಿಲೋಗಿಂತ ಹೆಚ್ಚು, ಒಟ್ಟು ಸುಮಾರು 17 ಕಿಲೋ. ಹತ್ತು ಜನ ತಲಾ ಎರಡು ಸಲ ಮುಳುಗುವ ದಿನ 20 ಸಿಲಿಂಡರ್ ಬೇಕು, ಅಂದರೆ 340 ಕಿಲೋ. ಅದು ಗಾಳಿ ತುಂಬುವ ಕಂಪ್ರೆಸರ್ ಕೋಣೆಯಿಂದ ಗಾಡಿಗೆ, ಗಾಡಿಯಿಂದ ಧಕ್ಕೆಗೆ, ಧಕ್ಕೆಯಿಂದ ಅಲುಗಾಡುವ ದೋಣಿಗೆ ಹೋಗಬೇಕು, ಸಂಜೆ ಅದೇ ದಾರಿಯಲ್ಲಿ ಖಾಲಿಯಾಗಿ ವಾಪಸ್ ಬರಬೇಕು. ಒಂದೊಂದನ್ನೂ ದಿನಕ್ಕೆ ಆರು ಸಲ ಎತ್ತಿ ಇಳಿಸಿದ ಲೆಕ್ಕ. ಜೊತೆಗೆ ಪ್ರತಿಯೊಬ್ಬರ ಸೊಂಟಕ್ಕೆ ಕಟ್ಟುವ ಸೀಸದ ತೂಕ ನಾಲ್ಕೋ ಆರೋ ಕಿಲೋ. ನೀವು ದೋಣಿ ಹತ್ತುವ ಹೊತ್ತಿಗೆ ಇದೆಲ್ಲ ಮುಗಿದು ಸಿಲಿಂಡರ್‌ಗಳು ಸಾಲಾಗಿ ಹಗ್ಗಕ್ಕೆ ಕಟ್ಟಿಸಿಕೊಂಡು ನಿಂತಿರುತ್ತವೆ. ಎತ್ತಿದವರು ಯಾರು ಅಂತ ಕೇಳುವ ಪ್ರಸಂಗವೇ ಬರುವುದಿಲ್ಲ.

ಆ ದಿನ ನಿಮಗಾಗಿ ದುಡಿದವರನ್ನು ದಡದಿಂದ ಶುರುಮಾಡಿ ನೋಡಿ. ಮೊದಲನೆಯವನು ಕಂಪ್ರೆಸರ್ ನಡೆಸುವವನು. ಅವನ ಕೆಲಸ ಬರೀ ಗಾಳಿ ತುಂಬುವುದಲ್ಲ. ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿ ಡೀಸೆಲ್ ಹೊಗೆಯ ಕಡೆ ತಿರುಗಿದ್ದರೆ ಕಾರ್ಬನ್ ಮೊನಾಕ್ಸೈಡ್ ಸಿಲಿಂಡರಿಗೆ ಸೇರುತ್ತದೆ, ಹತ್ತು ಮೀಟರ್ ಕೆಳಗೆ ಅದರ ಪ್ರಭಾವ ಇಮ್ಮಡಿ. ಗಾಳಿ ಬೀಸುವ ದಿಕ್ಕು ನೋಡಿ ಆ ಪೈಪನ್ನು ಸರಿಸುವವನು ಅವನೇ. ಫಿಲ್ಟರ್ ಎಷ್ಟು ತಾಸು ಓಡಿದೆ ಅಂತ ಬರೆದಿಟ್ಟುಕೊಳ್ಳುವವನೂ ಅವನೇ. ಅವಸರದಲ್ಲಿ ತುಂಬಿದರೆ ಸಿಲಿಂಡರ್ ಬಿಸಿಯಾಗಿ ಮುಳ್ಳು 200 ತೋರಿಸುತ್ತದೆ, ದೋಣಿಯಲ್ಲಿ ತಣ್ಣಗಾದ ಮೇಲೆ ನೋಡಿದರೆ 180. ನಿಧಾನವಾಗಿ ತುಂಬಬೇಕು, ಅಂದರೆ ನಸುಕಿನಲ್ಲಿ ಏಳಬೇಕು. ಇಡೀ ದಿನದಲ್ಲಿ ಗಿರಾಕಿಗಳು ಒಮ್ಮೆಯೂ ನೋಡದ ಮನುಷ್ಯ ಇವನು.

ಆಮೇಲೆ ದೋಣಿ ನಡೆಸುವ ತಾಂಡೇಲ, ಅವನ ಜೊತೆ ಕೈಕೆಲಸಕ್ಕೆ ಒಬ್ಬನೋ ಇಬ್ಬರೋ ಖಲಾಸಿಗಳು. ನೀವು ಕೆಳಗಿದ್ದಷ್ಟು ಹೊತ್ತೂ ತಾಂಡೇಲ ನೀರಿನ ಮೇಲೆ ಏಳುವ ಗುಳ್ಳೆಗಳನ್ನೇ ನೋಡುತ್ತಿರುತ್ತಾನೆ. ಗುಳ್ಳೆ ಎತ್ತ ಸರಿಯುತ್ತದೆ ಅನ್ನುವುದರ ಮೇಲೆ ಸೆಳೆತ ಎತ್ತ ಇದೆ ಅಂತ ತಿಳಿಯುತ್ತದೆ. ಯಾರಾದರೂ ಏಣಿಯ ಹತ್ತಿರ ಬಂದರೆ ಎಂಜಿನ್ನಿನ ಪ್ರೊಪೆಲ್ಲರ್ ತಿರುಗಬಾರದು, ಹೊರಡುವ ಮೊದಲು ತಲೆ ಎಣಿಸಬೇಕು, ಎರಡನೇ ಸಲ ಎಣಿಸಬೇಕು. ಖಲಾಸಿ ಲಂಗರು ಇಳಿಸುತ್ತಾನೆ, ಸಿಲಿಂಡರಿನಿಂದ ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಜೋಡಿಸಲು ಕೈಹಾಕುತ್ತಾನೆ, ಸುಂಯ್ ಅಂತ ಗಾಳಿ ಸೋರಿದರೆ ಹಳೆಯ ರಬ್ಬರ್ ಓ-ರಿಂಗ್ ಕಿತ್ತು ಹೊಸದು ಕೂರಿಸುತ್ತಾನೆ, ಮೇಲೆ ಬಂದವರ ಸಿಲಿಂಡರನ್ನು ಬೆನ್ನಿನಿಂದ ಬಿಚ್ಚಿ ಒಳಗೆಳೆದುಕೊಳ್ಳುತ್ತಾನೆ. ಯಾರೋ ವಾಂತಿ ಮಾಡಿಕೊಂಡರೆ ಬಕೆಟ್ ಹಿಡಿಯುವವನೂ ಇವನೇ. ರಾತ್ರಿ ಧಾಬಾದಲ್ಲಿ ಖಾರದ ಊಟ, ಬೆಳಿಗ್ಗೆ ಎರಡು ಪ್ಲೇಟ್ ಮಿಸಳ್ ಹೊಡೆದು ಹತ್ತಿದ ಗುಂಪಿನಲ್ಲಿ ಒಬ್ಬನಾದರೂ ಆ ಬಕೆಟ್ ಕೇಳಿಯೇ ಕೇಳುತ್ತಾನೆ. ಅಂಥವನು ತನ್ನ ಪಾಲಿನ ಮೇಲೆ ಇನ್ನೂ 100 ರೂಪಾಯಿ ಖಲಾಸಿಯ ಕೈಗೇ ಕೊಡುವುದು ಮರ್ಯಾದೆ.

ಕೊನೆಗೆ ಡೈವಿಂಗ್ ಕಲಿಸುವ ಇನ್‌ಸ್ಟ್ರಕ್ಟರ್, ನೀರೊಳಗೆ ದಾರಿ ತೋರಿಸುವ ಡೈವ್‌ಮಾಸ್ಟರ್, ಕ್ಯಾಮೆರಾದವನು. ನಾವು ನೋಡುವುದು ಇವರನ್ನೇ, ಹಾಗಾಗಿ ಟಿಪ್ಸೂ ಇವರಿಗೇ. ಖಾನಾವಳಿಯಲ್ಲಿ ಬಡಿಸಿದವನಿಗೆ ಹತ್ತಿಪ್ಪತ್ತು ಸಿಕ್ಕು, ಒಳಗೆ ಹೊಗೆಯಲ್ಲಿ ಕೂತು ರೊಟ್ಟಿ ಬಡಿದವಳಿಗೆ ಏನೂ ಸಿಗದ ಹಾಗೆ.

ಹಾಗಾದರೆ ಎಷ್ಟು? ಭಾರತದಲ್ಲಿ ಇದಕ್ಕೆ ನಿಯಮವಿಲ್ಲ, ಟಿಪ್ಸ್ ಕೊಡದಿದ್ದರೂ ಯಾರೂ ತಡೆಯುವಂತಿಲ್ಲ. ಕೆಳಗಿನದು ನಮ್ಮ ಲೆಕ್ಕ, ಒಪ್ಪಿಗೆಯಾದರೆ ಹಿಡಿಯಿರಿ. ನಿಮ್ಮ ಬೆನ್ನಿಗೇರಿ ನೀರಿಗಿಳಿದ ಪ್ರತಿ ಸಿಲಿಂಡರಿಗೆ 100 ರೂಪಾಯಿ ದೋಣಿಯ ಪಾಲು. ಇದು ತಾಂಡೇಲ, ಖಲಾಸಿ, ಕಂಪ್ರೆಸರಿನವನು ಮೂವರಿಗೂ ಸೇರಿದ್ದು. ಇದರ ಮೇಲೆ ನಿಮ್ಮನ್ನು ಕರೆದೊಯ್ದ ಇನ್‌ಸ್ಟ್ರಕ್ಟರಿಗೆ ದಿನಕ್ಕೆ ತಲಾ 200. ಮಾಲ್ವಣದ ಕಿರು ಡೈವ್‌ಗೆ ಎರಡನ್ನೂ ಅರ್ಧ ಮಾಡಿ. ದಂಡೆಯಿಂದ ದೂರ ಕಡಿಮೆ, ಐದಾರು ಮೀಟರ್ ಆಳ, ಕಾಲು ತಾಸಿನ ಕೆಲಸ, ಪ್ಯಾಕೇಜ್ ದರವೂ ಕಡಿಮೆ. ಅಲ್ಲಿ ತಲಾ 150 ಕೊಟ್ಟರೆ ಯಾರೂ ಮುಖ ತಿರುಗಿಸುವುದಿಲ್ಲ. ನೇತ್ರಾಣಿ ಹಾಗಲ್ಲ. ಮುರುಡೇಶ್ವರದಿಂದ 19 ಕಿಲೋಮೀಟರ್ ಸಮುದ್ರದೊಳಗೆ, ದೋಣಿಯಲ್ಲಿ ಹೋಗಲು ಒಂದು-ಒಂದೂವರೆ ತಾಸು, ಬರಲು ಅಷ್ಟೇ. ಸಾಮಾನ್ಯವಾಗಿ ಎರಡು ಸಿಲಿಂಡರಿನ ದಿನ. ಅಲ್ಲಿ ಪೂರ್ತಿ ಲೆಕ್ಕವೇ ಸರಿ.

ಬೆಳಗಾವಿಯಿಂದ ಎಂಟು ಮಂದಿ ನೇತ್ರಾಣಿಗೆ ಹೋದರು ಅಂದುಕೊಳ್ಳಿ. 16 ಸಿಲಿಂಡರ್, ದೋಣಿಯ ಪಾಲು 1600. ಇನ್‌ಸ್ಟ್ರಕ್ಟರುಗಳಿಗೆ 8 ಸಲ 200, ಅದೂ 1600. ಇಬ್ಬರು ಇನ್‌ಸ್ಟ್ರಕ್ಟರ್ ಇದ್ದರೆ ಒಬ್ಬೊಬ್ಬರಿಗೆ 800. ಒಟ್ಟು 3200, ತಲೆಗೆ 400. ಈ ರೊಕ್ಕವನ್ನು ಊರು ಬಿಡುವ ಮೊದಲೇ ಡೀಸೆಲ್, ಊಟದ ಪಟ್ಟಿಯ ಜೊತೆಗೇ ಎತ್ತಿಬಿಡಿ. ಡೈವ್ ಮುಗಿದ ಮೇಲೆ ಪಟ್ಟಿ ಎತ್ತಲು ಹೋದರೆ ಮೂವರು ಸ್ನಾನಕ್ಕೆ ಹೋಗಿರುತ್ತಾರೆ, ಒಬ್ಬ ಮಲಗಿರುತ್ತಾನೆ, ಒಬ್ಬ "ನನಗ ಕೆಳಗ ಏನೂ ಕಾಣಸ್ಲೇ ಇಲ್ಲ, ನಾ ಯಾಕ ಕೊಡ್ಲಿ" ಅಂತ ಕೂತಿರುತ್ತಾನೆ.

ಈ ಕೊನೆಯವನ ವಾದಕ್ಕೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಟಿಪ್ಸ್ ತಪ್ಪಿಹೋಗುವುದು ಹೆಚ್ಚಾಗಿ ಇಂಥ ಅಸಮಾಧಾನದಲ್ಲೇ. ಅದರಲ್ಲಿ ಅರ್ಧ ಅಸಮಾಧಾನ ತಪ್ಪು ವಿಳಾಸಕ್ಕೆ ಹೋಗಿರುತ್ತದೆ. ನೀರು ತಿಳಿಯಾಗಿರುವುದು ಬಿಡುವುದು ಸಮುದ್ರದ ಕೈಯಲ್ಲಿದೆ. ಹಿಂದಿನ ದಿನ ಜೋರು ಗಾಳಿ ಬೀಸಿದ್ದರೆ ಮಾಲ್ವಣದಂಥ ಆಳವಿಲ್ಲದ ಕಡೆ ಮರಳು ಎದ್ದು ಎರಡು ಮೀಟರ್ ಆಚೆ ಏನೂ ಕಾಣುವುದಿಲ್ಲ. ಅಂಥ ದಿನ ಇನ್‌ಸ್ಟ್ರಕ್ಟರಿನ ಕೆಲಸ ಎರಡು ಪಟ್ಟು, ಕೈ ಬಿಟ್ಟರೆ ಗಿರಾಕಿ ಕಾಣೆ.

"ಹತ್ತ ನಿಮಿಷಕ್ಕ ಮ್ಯಾಲ ತಂದ ಬಿಟ್ಟಾ" ಅನ್ನುವುದು ಎರಡನೆಯದು. ಇದರಲ್ಲಿ ಮೂರು ಬೇರೆ ಬೇರೆ ಕಾರಣಗಳಿರಬಹುದು. ಒಂದು, ನೀವೇ ಹೇಳಿದ್ದೀರಿ. ನೀರೊಳಗೆ ಹೆಬ್ಬೆರಳು ಎತ್ತಿ ತೋರಿಸಿದರೆ ಭರ್ಜರಿ ಅಂತ ಅರ್ಥವಲ್ಲ, ಮೇಲೆ ಹೋಗೋಣ ಅಂತ. ಚೆನ್ನಾಗಿದೆ ಅನ್ನಲು ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು. ಬಣ್ಣದ ಮೀನು ಕಂಡ ಖುಷಿಗೆ ಹೆಬ್ಬೆರಳು ಎತ್ತಿದವರನ್ನು ಇನ್‌ಸ್ಟ್ರಕ್ಟರ್ ಮೇಲೆ ತರಲೇಬೇಕು, ಅನುಮಾನಪಡುವ ಹಕ್ಕು ಅವನಿಗಿಲ್ಲ. ಎರಡು, ಮಾಸ್ಕಿನೊಳಗೆ ನೀರು. ನಮ್ಮ ಕಡೆಯ ದಪ್ಪ ಮೀಸೆಗೆ ಸಿಲಿಕಾನ್ ಅಂಚು ಅಂಟುವುದಿಲ್ಲ, ಕೂದಲ ಸಂದಿಯಿಂದ ನೀರು ನುಗ್ಗುತ್ತಲೇ ಇರುತ್ತದೆ. ಮೂಗಿನ ಕೆಳಗೆ ಮೀಸೆಯ ಮೇಲಂಚನ್ನು ಅರ್ಧ ಬೆರಳಿನಷ್ಟು ಸವರಿಸಿಕೊಂಡು ಹೋದರೆ ಡೈವ್ ಉಳಿಯುತ್ತದೆ. ಮೀಸೆಯ ಮರ್ಯಾದೆ ದೊಡ್ಡದೋ ಮೀನು ದೊಡ್ಡದೋ, ಅದು ಅವರವರಿಗೆ ಬಿಟ್ಟದ್ದು.

ಮೂರನೆಯದು ಮಾತ್ರ ನಿಜವಾದ ತಕರಾರು: ಸಮಯ ಕದಿಯುವುದು. ಇದನ್ನು ಪತ್ತೆಹಚ್ಚಲು ಒಂದು ಲೆಕ್ಕ ಸಾಕು. 11 ಲೀಟರಿನ ಸಿಲಿಂಡರ್, 200 ಬಾರ್, ಅಂದರೆ 2200 ಲೀಟರ್ ಗಾಳಿ. 50 ಬಾರ್ ಮುಟ್ಟದೆ ಉಳಿಸಬೇಕು, ಕೈಗೆ ಸಿಗುವುದು 1650. ಗಾಬರಿಯಲ್ಲಿರುವ ಹೊಸಬ ನಿಮಿಷಕ್ಕೆ 25 ಲೀಟರ್ ಎಳೆಯುತ್ತಾನೆ ಅಂದುಕೊಳ್ಳೋಣ. ಆರು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ 1.6 ಪಟ್ಟು, ಹಾಗಾಗಿ ನಿಮಿಷಕ್ಕೆ 40 ಲೀಟರ್ ಖರ್ಚು. 1650ನ್ನು 40ರಿಂದ ಭಾಗಿಸಿದರೆ 41 ನಿಮಿಷ. ಹತ್ತು ಮೀಟರಿನಲ್ಲಿ ಒತ್ತಡ ಎರಡು ಪಟ್ಟು, 33 ನಿಮಿಷ. ಅಂದಮೇಲೆ ಹದಿನೈದು ನಿಮಿಷಕ್ಕೆ ಗಾಳಿ ಮುಗಿಯಿತು ಅನ್ನುವ ಮಾತನ್ನು ಆರು ಮೀಟರಿನಲ್ಲಿ ಸುಲಭಕ್ಕೆ ನಂಬಬೇಡಿ. ಒಂದೇ ಸಿಲಿಂಡರಿನಲ್ಲಿ ಇಬ್ಬರನ್ನು ಇಳಿಸುವ ಪ್ಯಾಕೇಜ್ ಇರಬಹುದು. ಆದರೆ ಅದನ್ನು ನಿರ್ಧರಿಸಿದವನು ಮಾಲೀಕ, ನಿಮ್ಮ ಕೈ ಹಿಡಿದ ಹುಡುಗನಲ್ಲ. ಬುಕ್ಕಿಂಗ್ ಮಾಡುವಾಗಲೇ ಕೇಳಿ: ನೀರೊಳಗೆ ಎಷ್ಟು ನಿಮಿಷ, ಎಷ್ಟು ಆಳ, ಒಬ್ಬರಿಗೆ ಒಂದು ಸಿಲಿಂಡರೋ ಹಂಚಿಕೆಯೋ, ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ. ವಿಡಿಯೊ ಸೇರಿದೆಯೋ ಬೇರೆಯೋ ಅನ್ನುವುದನ್ನೂ ಬಿಡಬೇಡಿ. ಗೋಪ್ರೊ ಕ್ಯಾಮೆರಾ ಹಿಡಿದವನು ದಡದಲ್ಲಿ ಪೆನ್‌ಡ್ರೈವ್ ತೋರಿಸಿ ಕೇಳುವ ರೊಕ್ಕ ಟಿಪ್ಸ್ ಅಲ್ಲ, ಅದು ಮಾರಾಟ. ಬೇಕಾದರೆ ಕೊಳ್ಳಿ, ಟಿಪ್ಸಿನ ಲೆಕ್ಕಕ್ಕೆ ಅದನ್ನು ಬೆರೆಸಬೇಡಿ.

ಕೊಡುವ ಹೊತ್ತಿನ ವಿಷಯ. ಡೈವ್‌ಗೆ ಮೊದಲು ಕೊಡಲೇಬಾರದು. "ಅಣ್ಣಾ, ಇದ ಇಟ್ಕೋ, ನಮ್ಮನ್ನ ಚಂದಾಗಿ ನೋಡ್ಕೋ" ಅಂತ ದೋಣಿ ಹತ್ತುವಾಗಲೇ 500 ತುರುಕುವುದು ನಮ್ಮವರ ಹಳೇ ರೂಢಿ, ಲಾಡ್ಜಿನಲ್ಲಿ ರೂಮ್‌ಬಾಯ್‌ಗೆ ನಡೆಯುತ್ತದೆ. ನೀರಿನಲ್ಲಿ ಅದು ಅಪಾಯ. ರೊಕ್ಕ ಕೊಟ್ಟವರು ಕೆಳಗೆ ಹೋಗಿ ಇನ್ನೂ ಆಳ, ಇನ್ನೂ ಐದು ನಿಮಿಷ ಅಂತ ಸನ್ನೆ ಮಾಡಲು ಶುರುಮಾಡುತ್ತಾರೆ, ತೆಗೆದುಕೊಂಡವನಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ, ಬಾಯಲ್ಲಿ ರೆಗ್ಯುಲೇಟರ್ ಬೇರೆ. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ನಿಯಮದಲ್ಲಿ ತರಬೇತಿ ಇಲ್ಲದವರ ಪರಿಚಯ ಡೈವ್‌ಗೆ 12 ಮೀಟರ್ ಗಡಿ, ಓಪನ್ ವಾಟರ್ ಅನ್ನುವ ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ 18. ತೆರೆದ ಸಮುದ್ರದಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಪರಿಚಯ ಡೈವ್‌ಗೆ ಹೆಚ್ಚೆಂದರೆ ನಾಲ್ವರನ್ನು ಕರೆದೊಯ್ಯಬಹುದು, 10 ವರ್ಷ ತುಂಬದ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಒಂಬತ್ತು ವರ್ಷದ ಮಗನನ್ನು ಹನ್ನೊಂದು ಅಂತ ಬರೆಸಿ ಕಿಸೆಗೆ 300 ಹಾಕುವುದು ಟಿಪ್ಸ್ ಅಲ್ಲ, ಲಂಚ. ಅದಕ್ಕೆ ಕೈಯೊಡ್ಡುವ ದೋಣಿಯನ್ನು ಬಿಟ್ಟು ಬೇರೆ ದೋಣಿ ನೋಡಿ.

ಇದೇ ಸಾಲಿಗೆ ಸೇರುವ ಇನ್ನೊಂದು: ಬ್ರೆಡ್ ಪುಡಿ ಹಾಕಿ ಮೀನು ಕರೆಸು, ನಕ್ಷತ್ರ ಮೀನು ಕೈಗೆ ಕೊಡು, ಫೋಟೊ ತೆಗೆ, ಮೇಲಿಂದ 200 ತಗೋ. ನಕ್ಷತ್ರ ಮೀನನ್ನು ನೀರಿನಿಂದ ಎತ್ತಿ ಫೋಟೊಗೆ ಹಿಡಿದಷ್ಟು ಹೊತ್ತು ಅದಕ್ಕೆ ಉಸಿರಿಲ್ಲ. ಹವಳದ ತುಂಡನ್ನು ನೆನಪಿಗೆ ಅಂತ ಚೀಲಕ್ಕೆ ಹಾಕಿಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಜೀವಿಯನ್ನು ಕದ್ದ ಹಾಗೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ತಂದುಕೊಟ್ಟ ಹುಡುಗನೂ ಸಿಕ್ಕಿಬೀಳುತ್ತಾನೆ. ನೀವು ಆಮಿಷ ತೋರಿಸದಿದ್ದರೆ ಅವನಿಗೆ ಆ ಕೆಲಸ ಮಾಡುವ ಕಾರಣವೇ ಇಲ್ಲ.

ದೋಣಿ ನಡುನೀರಿನಲ್ಲಿ ನಿಂತಾಗ ಟೋಪಿ ಹಿಡಿದು "ಖುಷಿ ಕೊಡ್ರಿ ಸಾಹೇಬ್ರ" ಅಂತ ಒಬ್ಬೊಬ್ಬರ ಮುಂದೆ ಬಂದರೆ? ಗೋವಾದ ಗದ್ದಲದ ದೋಣಿಗಳಲ್ಲಿ ಇಂಥದು ಎದುರಾಗಬಹುದು. ನಗುನಗುತ್ತ "ದಡಕ್ಕ ಹೋಗಿ ಎಲ್ಲಾರದೂ ಕೂಡಿಸಿ ಕೊಡ್ತೀವಿ" ಅನ್ನಿ, ಹೇಳಿದ ಹಾಗೆ ಕೊಡಿ. ಮಾಲ್ವಣದಲ್ಲಿ ಬೆಳಗಾವಿಯವರಿಗೆ ಮರಾಠಿ ಇದೆ, ಎರಡು ಮಾತು ಅವರದೇ ಧಾಟಿಯಲ್ಲಿ ಆಡಿದರೆ ಬಿಗಿ ಸಡಿಲವಾಗುತ್ತದೆ. ಮುರುಡೇಶ್ವರದಲ್ಲಿ ಕನ್ನಡ ಸಾಕು, ಆದರೆ ಇನ್‌ಸ್ಟ್ರಕ್ಟರ್ ಎಲ್ಲಿಯವನೂ ಇರಬಹುದು.

ಸರಿಯಾದ ಹೊತ್ತು ದಡದಲ್ಲಿ, ಸಾಮಾನೆಲ್ಲ ಸಿಹಿನೀರಿನ ತೊಟ್ಟಿಯಲ್ಲಿ ತೊಳೆದು ನೇತುಹಾಕಿದ ಮೇಲೆ. ಸರ್ಟಿಫಿಕೇಟ್ ಇರುವವರಿಗೆ ಡೈವ್‌ಗಳನ್ನು ಬರೆದಿಡುವ ಲಾಗ್‌ಬುಕ್ಕಿಗೆ ಸಹಿ ಹಾಕಿಸುವ ಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಎರಡು ಲಕೋಟೆ ಮಾಡಿಕೊಳ್ಳಿ. ಒಂದರ ಮೇಲೆ ಇನ್‌ಸ್ಟ್ರಕ್ಟರ್ ಹೆಸರು, ಇನ್ನೊಂದರ ಮೇಲೆ "ದೋಣಿ ಮತ್ತು ಕಂಪ್ರೆಸರ್". ಎರಡನೆಯದನ್ನು ಯಾರ ಕೈಗೆ ಕೊಡಬೇಕು ಅನ್ನುವುದನ್ನು ಬೆಳಿಗ್ಗೆ ಕೌಂಟರಿನಲ್ಲೇ ಕೇಳಿಟ್ಟುಕೊಳ್ಳಿ. ಕೆಲವು ಡೈವ್ ಸೆಂಟರುಗಳಲ್ಲಿ ಟಿಪ್ಸ್ ಡಬ್ಬಿ ಇರುತ್ತದೆ, ವಾರಕ್ಕೊಮ್ಮೆ ಎಲ್ಲರಿಗೂ ಹಂಚುತ್ತಾರೆ. ಇದ್ದರೆ ಅದಕ್ಕೇ ಹಾಕಿ, ಅತ್ಯಂತ ನ್ಯಾಯದ ದಾರಿ ಅದು. ಇಲ್ಲದಿದ್ದರೆ ತಾಂಡೇಲನ ಕೈಗೆ, ಖಲಾಸಿಗಳು ಎದುರಿಗಿರುವಾಗ, ಮೊತ್ತವನ್ನು ಬಾಯಿಬಿಟ್ಟು ಹೇಳಿ ಕೊಡಿ: "ಕಾಕಾ, ಇದರಾಗ ಹದಿನಾರನೂರ ಐತಿ, ನಿಮ್ಮ ಮೂರೂ ಮಂದಿಗೆ." ಮೊತ್ತ ಎಲ್ಲರ ಕಿವಿಗೂ ಬಿದ್ದರೆ ಹಂಚಿಕೆಯಲ್ಲಿ ಜಗಳ ಬರುವುದಿಲ್ಲ. ದೋಣಿಯ ಯಜಮಾನನೇ ತಾಂಡೇಲನಾಗಿದ್ದರೆ, ಮಾಲ್ವಣದಲ್ಲಿ ಇದು ಅಪರೂಪವಲ್ಲ, ಅವನಿಗೆ ಟಿಪ್ಸ್ ಬೇಕಿಲ್ಲ. ಖಲಾಸಿಗಳಿಗೆ ನೇರವಾಗಿ ಕೊಡಿ.

ನಗದೇ ಆಗಬೇಕು. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟಿಪ್ಸ್ ಸೇರಿಸಿ ಹಾಕಿದರೆ ಅದು ಸೆಂಟರಿನ ಖಾತೆಗೆ ಹೋಗುತ್ತದೆ. ಅಲ್ಲಿಂದ ಖಲಾಸಿಯ ಕೈಗೆ ಬರುತ್ತದೋ ಇಲ್ಲವೋ ದೇವರೇ ಬಲ್ಲ. ದ್ವೀಪದ ಹತ್ತಿರ ನೆಟ್‌ವರ್ಕ್ ನಂಬುವ ಹಾಗಿಲ್ಲ, ಒದ್ದೆ ಬೆರಳಿಗೆ ಮೊಬೈಲ್ ತೆರೆಯುವುದೂ ಇಲ್ಲ. ಹಾಗಂತ ನೋಟನ್ನು ಬರ್ಮುಡಾ ಕಿಸೆಯಲ್ಲಿಟ್ಟು ನೀರಿಗೆ ಇಳಿಯಬೇಡಿ. ಮೇಲೆ ಬಂದಾಗ ಒಂದಕ್ಕೊಂದು ಅಂಟಿದ ಮುದ್ದೆ ಸಿಗುತ್ತದೆ. ಹಿಂದಿನ ದಿನವೇ ಊರಿನಲ್ಲಿ 100ರ ನೋಟು ಮಾಡಿಸಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಲಕೋಟೆ ಹಾಕಿ ಗಾಡಿಯಲ್ಲೋ ರೂಮಿನಲ್ಲೋ ಬಿಟ್ಟುಬಿಡಿ. ಹೇಗೂ ದಡದಲ್ಲೇ ಕೊಡುವುದು. ಭಾನುವಾರ ಮಧ್ಯಾಹ್ನ ಧಕ್ಕೆಯ ಅಂಗಡಿಯಲ್ಲಿ 500ಕ್ಕೆ ಚಿಲ್ಲರೆ ಕೇಳಿ ನೋಡಿ, ಉತ್ತರ ಎಲ್ಲ ಕಡೆ ಒಂದೇ.

ಟಿಪ್ಸ್ ಮರೆಯುವುದಕ್ಕೆ ದೊಡ್ಡ ಕಾರಣ ಅವಸರ. ಮಧ್ಯಾಹ್ನ ಡೈವ್ ಮುಗಿಸಿ, ಮೀನೂಟ ಮಾಡಿ, ಸೋಮವಾರ ಆಫೀಸು ಅಂತ ಸಂಜೆಗೇ ಘಾಟ್ ಹತ್ತಿಬಿಡುತ್ತಾರೆ. ಹೀಗೆ ಅವಸರ ಮಾಡಬಾರದು ಅನ್ನುವುದಕ್ಕೆ ದೇಹದ ಕಾರಣವೂ ಇದೆ. ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ರಕ್ತಕ್ಕೂ ಮಾಂಸಖಂಡಕ್ಕೂ ಸೇರಿಕೊಳ್ಳುತ್ತದೆ, ಮೇಲೆ ಬಂದಮೇಲೆ ನಿಧಾನಕ್ಕೆ ಹೊರಬೀಳುತ್ತದೆ. ಅದಕ್ಕೆ ಮೊದಲೇ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ಇಳಿದು ಅದು ಗುಳ್ಳೆ ಕಟ್ಟಬಹುದು. ಡೈವ್ ನಂತರ ವಿಮಾನ ಹತ್ತಬೇಡಿ ಅನ್ನುವುದು ಇದಕ್ಕೇ: ಒಂದೇ ಡೈವ್ ಆದರೆ 12 ತಾಸು, ಹಲವು ಡೈವ್ ಆದರೆ 18 ತಾಸು ಕಾಯಬೇಕು. ಈ ಸಲಹೆ 600 ಮೀಟರ್ ದಾಟಿದ ಎತ್ತರಕ್ಕೆಲ್ಲ ಅನ್ವಯಿಸುತ್ತದೆ. ಆಂಬೋಲಿ 690 ಮೀಟರ್, ಬೆಳಗಾವಿ ಸುಮಾರು 750. ಅಂದರೆ ನಮಗೆ ಮನೆಗೆ ಹೋಗುವುದೇ ವಿಮಾನ ಹತ್ತಿದ ಲೆಕ್ಕ. ಮಾಲ್ವಣದ ಕಾಲು ತಾಸಿನ ಐದು ಮೀಟರ್ ಡೈವಿನಲ್ಲಿ ಸೇರುವ ನೈಟ್ರೋಜನ್ ತೀರ ಕಡಿಮೆ. ಆದರೆ ನೇತ್ರಾಣಿಯಲ್ಲಿ 15–18 ಮೀಟರಿಗೆ ಎರಡು ಸಲ ಇಳಿದವರು ಆ ರಾತ್ರಿ ಕರಾವಳಿಯಲ್ಲೇ ಮಲಗಿ ಬೆಳಿಗ್ಗೆ 18 ತಾಸು ಎಣಿಸಿ ಹೊರಡುವುದು ಸರಿ. ಮುಂಬೈ, ಪುಣೆಯವರಿಗೆ ಬರೆದ ಸಲಹೆಗಳಲ್ಲಿ ನಮ್ಮ ಊರಿನ ಎತ್ತರ ಇರುವುದಿಲ್ಲ, ನಾವೇ ನೆನಪಿಡಬೇಕು. ರಾತ್ರಿ ಉಳಿದರೆ ಲಕೋಟೆ ಕೊಡಲೂ ಪುರುಸೊತ್ತು.

ನಾಲ್ಕು ದಿನದ ಓಪನ್ ವಾಟರ್ ಕೋರ್ಸಿಗೆ ದಿನದ ಲೆಕ್ಕ ಹಿಡಿಯಬೇಡಿ. ಕೊನೆಯ ದಿನ ಇನ್‌ಸ್ಟ್ರಕ್ಟರಿಗೆ ಒಟ್ಟು 1000ದಿಂದ 1500, ದೋಣಿಗೆ ಸಿಲಿಂಡರ್ ಲೆಕ್ಕ ಬೇರೆ. ಹೊಸಬರ ಜೊತೆ ಇಳಿದು ಸಾಮಾನು ಹೊತ್ತು ಓಡಾಡುವ ಒಬ್ಬ ಹುಡುಗನೋ ಹುಡುಗಿಯೋ ಇದ್ದು, ಅವರು ಇನ್ನೂ ಕಲಿಯುತ್ತಿದ್ದೇವೆ ಅಂದರೆ, ಅವರು ಡೈವ್‌ಮಾಸ್ಟರ್ ತರಬೇತಿಯಲ್ಲಿರುವವರು. ಎಷ್ಟೋ ಕಡೆ ಅವರಿಗೆ ಸಂಬಳವೇ ಇರುವುದಿಲ್ಲ, ಕೆಲಸ ಮಾತ್ರ ಎಲ್ಲರಷ್ಟೇ. ಇನ್‌ಸ್ಟ್ರಕ್ಟರ್ ಪಾಲಿನಿಂದ ಒಂದಿಷ್ಟು ಬಿಡಿಸಿ ಅವರ ಕೈಗೆ ಕೊಟ್ಟರೆ ಯಾವ ಇನ್‌ಸ್ಟ್ರಕ್ಟರೂ ಬೇಸರಪಡುವುದಿಲ್ಲ, ತಾನೂ ಅದೇ ದಾರಿಯಲ್ಲಿ ಬಂದವನು.

ಕೊಡದೇ ಇರಬೇಕಾದ ದಿನವೂ ಇದೆ. ಹೊರಡುವ ಮೊದಲು ಆರೋಗ್ಯದ ಫಾರ್ಮ್ ತುಂಬಿಸದೆ, ಕಿವಿಯೊಳಗಿನ ಒತ್ತಡ ಸಮಮಾಡಿಕೊಳ್ಳುವುದನ್ನು ಕಲಿಸದೆ ನೀರಿಗೆ ತಳ್ಳಿದರೆ, ದೋಣಿಯಲ್ಲಿ ಆಕ್ಸಿಜನ್ ಪೆಟ್ಟಿಗೆ ಇಲ್ಲದಿದ್ದರೆ, ಕಿವಿ ನೋವು ಅಂತ ಸನ್ನೆ ಮಾಡಿದರೂ ಕೆಳಗೆ ಎಳೆದರೆ, ಟಿಪ್ಸ್ ಕೊಡುವುದು ಮುಂದಿನ ಗಿರಾಕಿಗೆ ಮಾಡುವ ಅನ್ಯಾಯ. ಸುಮ್ಮನೆ ಬರಬೇಡಿ, ಯಾಕೆ ಕೊಡುತ್ತಿಲ್ಲ ಅಂತ ಮಾಲೀಕನಿಗೆ ಹೇಳಿ. ಅದೇ ತಾಂಡೇಲ ಬೆಳಿಗ್ಗೆ ಸಮುದ್ರ ನೋಡಿ "ಇವತ್ತು ಆಗೂದಿಲ್ಲ" ಅಂತ ದೋಣಿ ತಿರುಗಿಸಿದರೆ, ಸೆಂಟರ್ ರೊಕ್ಕ ವಾಪಸ್ ಕೊಟ್ಟ ಮೇಲೂ ಅವನ ಕೈಗೆ ತಲಾ 50 ಇಡಿ. ಸಿಲಿಂಡರ್‌ಗಳನ್ನು ಆಗಲೇ ಎತ್ತಿಟ್ಟಾಗಿರುತ್ತದೆ, ದಿನದ ದುಡಿಮೆ ಕಳೆದುಕೊಂಡೂ ಇಲ್ಲ ಅಂದಿದ್ದಾನೆ.

ಹೊರದೇಶದ ಲೆಕ್ಕ ಬೇರೆ. ಅಮೆರಿಕದ ಫ್ಲೋರಿಡಾ ಕಡೆ ದೋಣಿಗಳಲ್ಲಿ ಸಿಲಿಂಡರಿಗೆ 5ರಿಂದ 10 ಡಾಲರ್ ಕೊಡುವ ರೂಢಿ, ಸಿಲಿಂಡರ್ ಎಣಿಸುವ ಪದ್ಧತಿಗೆ ಅಲ್ಲಿ ಬಲವಿದೆ. ವಾರಗಟ್ಟಲೆ ದೋಣಿಯಲ್ಲೇ ಉಳಿಯುವ ಪ್ರವಾಸಗಳಲ್ಲಿ ಒಟ್ಟು ದರದ ಶೇ 10ರ ಆಸುಪಾಸು, ಕೊನೆಯ ರಾತ್ರಿ ಲಕೋಟೆಯಲ್ಲಿ. ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಸಿಬ್ಬಂದಿ ಇದನ್ನು ನಿರೀಕ್ಷಿಸುತ್ತಾರೆ. ಮಾಲ್ಡೀವ್ಸ್ ರೆಸಾರ್ಟುಗಳ ಬಿಲ್ಲಿನಲ್ಲಿ ಆಗಲೇ ಶೇ 10 ಸರ್ವಿಸ್ ಚಾರ್ಜ್ ಸೇರಿರುತ್ತದೆ, ಅದನ್ನು ನೋಡಿಕೊಂಡು ಮೇಲೆ ಕೊಡಿ. ಜಪಾನಿನಲ್ಲಿ ಕೊಡಲು ಹೋದರೆ ಅವರಿಗೇ ಮುಜುಗರ.

ಕೊನೆಗೆ ನಮ್ಮ ಊರಿನ ರೂಢಿ, ಸಿಹಿ ಒಯ್ಯುವುದು. ರೊಕ್ಕದ ಬದಲಿಗೆ ಬೇಡ, ರೊಕ್ಕದ ಜೊತೆಗೆ ಬಹಳ ಚೆಂದ. ಆದರೆ ಕುಂದಾ ಒಯ್ಯುವವರು ಯೋಚಿಸಬೇಕು. ಅದು ಹಾಲಿನ ಪದಾರ್ಥ, ಕರಾವಳಿಯ ಸೆಕೆಗೆ ಗಾಡಿಯ ಡಿಕ್ಕಿಯಲ್ಲಿ ಒಂದು ಹಗಲು ಇಟ್ಟರೆ ಹುಳಿ ವಾಸನೆ ಹಿಡಿಯುತ್ತದೆ. ರಾತ್ರಿ ಕೊಂಡು ಬೆಳಿಗ್ಗೆಯೇ ಕೊಡುವುದಾದರೆ ಸರಿ, ಡೈವ್ ಮುಗಿಸಿ ಸಂಜೆ ಕೊಡುವುದಾದರೆ ಗೋಕಾಕದ್ದೋ ಅಮೀನಗಡದ್ದೋ ಕರದಂಟು ಮೇಲು. ಬೆಲ್ಲ, ಅಂಟು, ಒಣಹಣ್ಣು, ಕೆಡುವಂಥದ್ದೇನೂ ಇಲ್ಲ. ಹತ್ತು ಮಂದಿಯ ಸಿಬ್ಬಂದಿಗೆ ಒಂದು ಕಿಲೋ ಸಾಕು. ಪೊಟ್ಟಣವನ್ನು ದೋಣಿಯಲ್ಲಿ ಬಿಚ್ಚಿದರೆ ಉಪ್ಪುನೀರು ಹಾರಿ ಹಾಳಾಗುತ್ತದೆ, ಅಲ್ಲಿದ್ದವರೇ ಮುಗಿಸಿಯೂ ಬಿಡುತ್ತಾರೆ. ಹೊರಡುವಾಗ ಸೆಂಟರಿನ ಹಿಂದೆ ಕಂಪ್ರೆಸರ್ ಸದ್ದು ಕೇಳುತ್ತಿರುತ್ತದೆ, ನಾಳೆಯ ಸಿಲಿಂಡರ್ ತುಂಬುವ ಕೆಲಸ ಆಗಲೇ ಶುರುವಾಗಿರುತ್ತದೆ. ಪೊಟ್ಟಣ ಅಲ್ಲಿಗೆ ಒಯ್ದು ಕೊಡಿ.